ಮೂವತ್ತಕ್ಕೆ ಹನ್ನೊಂದು

“ಇದಕ್ಕೊಂದು ಸಹಿ ಹಾಕಿ. ಆಪರೇಷನ್ನಿಗೆ ಆಗುವ ಕೇಸಲ್ಲ ಎಂದು ಬರೆದುಬಿಡೋಣ.”

ನರರೋಗದ ಡಾಕ್ಟರರು ಹಾಗೆಂದು ಫೈಲನ್ನು ನನ್ನ ಕಡೆ ಸರಿಸಿದರು. ಮೇಲಿನ ಹಾಳೆಯಲ್ಲಿ ಕೆಂಪು ಶಾಯಿಯ ಒಂದು ಅಂಕ: ಮೂವತ್ತಕ್ಕೆ ಹನ್ನೊಂದು.

ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮನಶ್ಶಾಸ್ತ್ರಜ್ಞೆ. ಗುರುವಾರ ಪಾರ್ಕಿನ್ಸನ್ ರೋಗಿಗಳ ಕ್ಲಿನಿಕ್. ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ವರ್ಷ ಹೋದ ಹಾಗೆ ಕೆಲವರಲ್ಲಿ ಗಮನ ಸಡಿಲವಾಗುತ್ತದೆ, ನೆನಪು ಕೈಕೊಡುತ್ತದೆ, ಒಂದು ಕೆಲಸವನ್ನು ಯೋಚಿಸಿ ಕ್ರಮವಾಗಿ ಮುಗಿಸುವುದು ಕಷ್ಟವಾಗುತ್ತದೆ. ಅದನ್ನು ಬೇಗ ಗುರುತಿಸಲು ನಾವೊಂದು ಚಿಕ್ಕ ಪರೀಕ್ಷೆ ಮಾಡುತ್ತೇವೆ. ಗಡಿಯಾರದ ಚಿತ್ರ ಬರೆಯಿರಿ, ಐದು ಪದ ನೆನಪಿಟ್ಟುಕೊಳ್ಳಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಈ ವಾಕ್ಯವನ್ನು ಹಾಗೆಯೇ ಹೇಳಿ, ಇಂದು ಯಾವ ವಾರ. ಒಟ್ಟು ಮೂವತ್ತು ಅಂಕ.

ಮಿದುಳಿಗೆ ಸಣ್ಣ ತಂತಿ ಇಳಿಸಿ ನಡುಕ ತಗ್ಗಿಸುವ ಶಸ್ತ್ರಚಿಕಿತ್ಸೆ ಇದೆ. ಬುದ್ಧಿಶಕ್ತಿ ಬಹಳ ಕುಸಿದವರಿಗೆ ಅದನ್ನು ಮಾಡುವುದಿಲ್ಲ. ಮಾಡಿದರೆ ಇನ್ನಷ್ಟು ಕೆಡುವ ಭಯ. ಆದ್ದರಿಂದ ನಮ್ಮ ಈ ಅಂಕ, ದಕ್ಷಿಣದ ದೊಡ್ಡ ಊರಿನಲ್ಲಿ ಆ ಶಸ್ತ್ರಚಿಕಿತ್ಸೆ ಮಾಡುವ ಕೇಂದ್ರಕ್ಕೆ ಬಾಗಿಲಿದ್ದ ಹಾಗೆ. ಹನ್ನೊಂದು ಎಂದರೆ ಬಾಗಿಲು ಹಾಕಿದ ಹಾಗೆಯೇ.

“ಪರೀಕ್ಷೆ ಮಾಡಿದ್ದು ನಾನಲ್ಲ ಸಾರ್. ರೋಗಿಯನ್ನು ನೋಡದೆ ಸಹಿ ಹಾಕುವುದಿಲ್ಲ” ಎಂದೆ.

“ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ನೋಡಿದಿರಾ?” ಎಂದು ಮಲಯಾಳದಲ್ಲಿ ಕೇಳಿದರು. ನೋಡಿದ್ದೆ. ಆದರೂ ಫೈಲು ತೆಗೆದುಕೊಂಡು ನನ್ನ ಕೋಣೆಗೆ ಬಂದೆ.

ರೋಗಿ ಬದಿಯಡ್ಕದಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ತಾನೇ ನೋಡಿಕೊಂಡವರು. ಜೊತೆಗೆ ಬಂದವನು ತಮ್ಮ. ಗಲ್ಫಿನಿಂದ ಮರಳಿ ಮೊಗ್ರಾಲಿನಲ್ಲಿ ಬೇಕರಿ ಇಟ್ಟಿದ್ದ. ಅಕ್ಕನ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಈ ರೋಗ ಮುಖದ ಸ್ನಾಯುಗಳನ್ನೂ ಬಿಗಿಯುತ್ತದೆ. ಒಳಗೆ ನಗುತ್ತಿದ್ದರೂ ಹೊರಗೆ ಕಾಣುವುದಿಲ್ಲ. ಗೊತ್ತಿಲ್ಲದವರು ನೋಡಿದರೆ, ಹೇಳಿದ್ದು ಇವರಿಗೆ ತಲುಪುತ್ತಿಲ್ಲ ಎಂದೇ ತಿಳಿಯುತ್ತಾರೆ.

“ಹೇಗಿದ್ದೀರಿ?” ಎಂದು ಅಭ್ಯಾಸಬಲದಿಂದ ಮಲಯಾಳದಲ್ಲಿ ಕೇಳಿದೆ. ಉತ್ತರ ತಮ್ಮನಿಂದ ಬಂತು.

“ಅವಳಿಗೆ ಈಗ ಎಂತ ಕೇಳಿದ್ರೂ ಗೊತ್ತಾಗುದಿಲ್ಲ ಮೇಡಂ. ಮೊದಲು ಹೀಗಿರ್ಲಿಲ್ಲ. ಈಗ ನಾವು ಹೇಳಿದ್ದು ಹೇಳಿದ ಹಾಗೆ ಹೋಗ್ತದೆ.”

ಫೈಲಿನಲ್ಲಿ ಮನೆಮಾತು ತುಳು ಎಂದಿತ್ತು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ತುಳುವಿನಲ್ಲಿ ಕೇಳಿದೆ: “ಅಕ್ಕ, ಚಾ ಪರ್ಯರಾ?” ಚಹಾ ಕುಡಿದಿರಾ?

ತಮ್ಮ ಬಾಯಿ ತೆರೆದ. ಕೈ ಎತ್ತಿ ತಡೆದೆ. ತುಂಬಾ ಹೊತ್ತು ಏನೂ ಬರಲಿಲ್ಲ. ನಾನು ಕಾದೆ. ಕೊನೆಗೆ ತುಟಿ ಅಲುಗಿತು. ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಸ್ವರ.

“ಇವತ್ತು ಕುಡಿದಿದ್ದೇನೆ. ಅವತ್ತು ಇವನು ಕೊಡ್ಲಿಲ್ಲ.”

ಅವತ್ತು ಎಂದರೆ ಪರೀಕ್ಷೆಯ ದಿನ. ಕೆದಕಿದಾಗ ಗೊತ್ತಾಯಿತು: ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿದ್ದರು. ಹೊಟ್ಟೆ ಖಾಲಿ ಎಂದರೆ ಮಾತ್ರೆಯೂ ಬೇಡ ಎಂದು ತಮ್ಮ ತಿಳಿದುಕೊಂಡ. ಪಾರ್ಕಿನ್ಸನ್ ಮಾತ್ರೆಯ ಬಲ ಇಳಿದಾಗ ಕೈಕಾಲು ಮಾತ್ರವಲ್ಲ, ಯೋಚನೆಯೂ ನಿಧಾನವಾಗುತ್ತದೆ. ಅಂಥ ಹೊತ್ತಿನಲ್ಲಿ ಅವರನ್ನು ಮೇಜಿನ ಮುಂದೆ ಕೂರಿಸಿ, ಅವರು ಪೇಟೆಯ ವ್ಯವಹಾರಕ್ಕಷ್ಟೇ ಬಳಸುವ ಮಲಯಾಳದಲ್ಲಿ ಪ್ರಶ್ನೆ ಕೇಳಿದ್ದರು. ಅವರು ಬರೆದ ಗಡಿಯಾರ ಹೆಸರುಕಾಳಿನಷ್ಟಿತ್ತು. ಈ ರೋಗದಲ್ಲಿ ಅಕ್ಷರವೂ ಹಾಗೆಯೇ ಕಿರಿದಾಗುತ್ತಾ ಹೋಗುತ್ತದೆ. ಹಲವು ಕಡೆ ‘ಉತ್ತರವಿಲ್ಲ’ ಎಂದು ಬರೆದಿತ್ತು.

“ನೀವು ಉತ್ತರ ಹೇಳಲಿಲ್ವಾ ಅಕ್ಕ?”

“ಹೇಳಿದ್ದೇನೆ. ಫ್ಯಾನು ತಿರುಗ್ತಾ ಇತ್ತು. ಅವರಿಗೆ ಕೇಳ್ಲಿಲ್ಲ.” ಸ್ವಲ್ಪ ತಡೆದು, “ನಾನು ಹುಚ್ಚಿ ಅಲ್ಲ ಮೇಡಂ” ಎಂದರು.

ಮಧ್ಯಾಹ್ನ ಡಾಕ್ಟರರಿಗೆ ಇಷ್ಟನ್ನೂ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚುತ್ತಾ, “ತಮ್ಮನೇ ಮರೆವು ಇದೆ ಎನ್ನುತ್ತಾನೆ. ನಿಮಗೆ ಇಲ್ಲಿ ಭಾಷೆಯ ಜಗಳ ಬೇಕಾ?” ಎಂದರು.

“ಕುಂಟುವವನನ್ನು ಓಡಿಸಿ ಹೃದಯ ಪರೀಕ್ಷೆ ಮಾಡಿದರೆ ನೀವು ಒಪ್ಪುತ್ತೀರಾ ಸಾರ್? ನಾನು ಪುನಃ ಪರೀಕ್ಷೆ ಮಾಡುತ್ತೇನೆ. ಅಲ್ಲಿಯವರೆಗೆ ಆ ಹಾಳೆ ಎಲ್ಲಿಗೂ ಹೋಗುವುದಿಲ್ಲ” ಎಂದು ಫೈಲನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನನಗೆ ಅಂಥ ಅಧಿಕಾರ ಇರಲಿಲ್ಲ. ಅವರು ಕೇಳಲೂ ಇಲ್ಲ.

ಕೆಲವು ವಾರ ಬಿಟ್ಟು ಅವರನ್ನು ಕರೆಸಿದೆ. ಮಾತ್ರೆ ಹಿಡಿದು ಮೈ ಸಡಿಲವಾಗುವವರೆಗೆ ಕಾದೆ. ಫ್ಯಾನು ನಿಲ್ಲಿಸಿದೆ. ತಮ್ಮನನ್ನು ಹೊರಗೆ ಕೂರಿಸಿದೆ. ಅಕ್ಕ ಏಳನೆಯವರೆಗೆ ಕನ್ನಡ ಶಾಲೆಗೆ ಹೋದವರು. ಕನ್ನಡದ ಹಾಳೆ ಇಟ್ಟು, ಸೂಚನೆಗಳನ್ನು ತುಳುವಿನಲ್ಲಿ ಹೇಳಿದೆ. ಈ ಸಲ ಅಂಕ ಜಿಗಿಯುತ್ತದೆ, ಅದನ್ನು ಒಯ್ದು ಡಾಕ್ಟರರ ಮೇಜಿನ ಮೇಲಿಡುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಅಂಕ ಜಿಗಿಯಲಿಲ್ಲ. ವಾಕ್ಯಗಳನ್ನು ಸರಿಯಾಗಿ ಹೇಳಿದರು. ಗಡಿಯಾರ ದೊಡ್ಡದಾಯಿತು, ಆದರೆ ಮುಳ್ಳು ಎಲ್ಲಿಡಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂತರು. ಐದು ಪದಗಳನ್ನು ಸ್ವಲ್ಪ ಹೊತ್ತಿನ ನಂತರ ಕೇಳಿದರೆ ಒಂದೂ ಬರಲಿಲ್ಲ. ತಿಂಗಳು ಯಾವುದೆಂದರೆ ತಪ್ಪು ಹೇಳಿದರು.

“ಎಷ್ಟು ಬಂತು?” ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸ್ವಲ್ಪ ಹೆಚ್ಚು. ತುಂಬಾ ಏನಲ್ಲ.”

“ಹಾಗಾದ್ರೆ ಅವರು ಬರೆದದ್ದು ಸರಿಯೇ.”

ಬಾಗಿಲ ಹತ್ತಿರ ತಮ್ಮ ನಿಂತಿದ್ದ. “ನಾನು ಹೇಳ್ಲಿಲ್ವಾ ಮೇಡಂ” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಗೆದ್ದವನ ಮುಖ ಅದಾಗಿರಲಿಲ್ಲ.

ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಹಾಳೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿದೆ. ಒಂದು ವಿಷಯ ಕೊಕ್ಕೆ ಹಾಕಿ ಎಳೆಯುತ್ತಿತ್ತು. ನೆನಪಾಗದ ಪದಗಳಿಗೆ ನಾನು ಸುಳಿವು ಕೊಟ್ಟಾಗ, ‘ಅದೊಂದು ತರಕಾರಿ’ ಎಂದ ಕೂಡಲೇ, ಅವರು ಹೇಳಿಬಿಡುತ್ತಿದ್ದರು. ಪದ ಒಳಗೆ ಇತ್ತು, ತೆಗೆಯಲು ಆಗುತ್ತಿರಲಿಲ್ಲ. ಮಂಜು ಕವಿದ ಹಾಗೆ. ಮಂಜು ರೋಗದ್ದೋ, ಬೇರೆ ಯಾವುದರದ್ದೋ? ಮರುದಿನ ತಮ್ಮನಿಗೆ ಫೋನು ಮಾಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನೆಗಡಿಯ ಮಾತ್ರೆಯನ್ನೂ ಬಿಡದೆ, ತರಲು ಹೇಳಿದೆ.

ಅವನು ತಂದ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಚೀಟಿಯಲ್ಲಿಲ್ಲದ ಒಂದು ಪಟ್ಟಿ ಮಾತ್ರೆ ಸಿಕ್ಕಿತು. ರೋಗ ಶುರುವಾದಾಗ ನಡುಕಕ್ಕೆಂದು ಯಾರೋ ಬರೆದುಕೊಟ್ಟದ್ದು. ಆಗ ಅದು ಸರಿಯೇ ಇದ್ದೀತು. ಆದರೆ ವಯಸ್ಸು ಏರಿದ ಹಾಗೆ ಆ ಬಗೆಯ ಮಾತ್ರೆ ನೆನಪನ್ನು ಮಬ್ಬು ಮಾಡುತ್ತದೆ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಇವರು ನಿಯತ್ತಿನಿಂದ ನುಂಗುತ್ತಾ ಬಂದಿದ್ದರು.

ಆ ಮಾತ್ರೆಯ ಪಟ್ಟಿಯನ್ನು ಡಾಕ್ಟರರ ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಹಿಂದೆ ಮುಂದೆ ನೋಡಿದರು. ಫೈಲು ಕೇಳಿದರು. ಬೀಗ ತೆಗೆದು ತಂದುಕೊಟ್ಟೆ. “ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ನಿಧಾನ ಇಳಿಸಬೇಕು. ನಡುಕ ಏರುತ್ತದೆ, ಅವರಿಗೆ ಹೇಳಿ” ಎಂದರು. ಅಂದಿನಿಂದ ಅವರ ಸ್ವರ ಬದಲಾಯಿತು.

ನಡುಕ ಏರಿತು. ನಾವು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಏರಿತು. ತಮ್ಮ ದಿನಾ ಫೋನು ಮಾಡತೊಡಗಿದ. “ಲೋಟ ಹಿಡೀಲಿಕ್ಕೆ ಆಗುದಿಲ್ಲ ಅವಳಿಗೆ. ನಿನ್ನೆ ಬಚ್ಚಲಲ್ಲಿ ಬಿದ್ದಿದ್ದಾಳೆ. ನೀವು ಪ್ರಯೋಗ ಮಾಡ್ಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ?” ಒಮ್ಮೆ ಅವನ ಕೈಯಿಂದ ಅಕ್ಕ ಫೋನು ತೆಗೆದುಕೊಂಡರು. ಉಸಿರು ಮಾತ್ರ ಕೇಳಿಸಿತು, ಆಮೇಲೆ ಮಾತು.

“ಕೈ ನಡುಗುದಾದ್ರೆ ನಡುಗ್ಲಿ ಮೇಡಂ. ಮಂಡೆ ಸ್ವಲ್ಪ ಹಗುರ ಆದ ಹಾಗೆ ಉಂಟು. ನೀವು ನಿಲ್ಸಬೇಡಿ.”

ಆ ಭಾನುವಾರ ಬದಿಯಡ್ಕಕ್ಕೆ ಹೋದೆ. ಅವರು ಬದುಕುವ ಜಾಗದಲ್ಲಿ ಅವರನ್ನು ನೋಡಬೇಕಿತ್ತು. ಮಿಲ್ಲಿನೊಳಗೆ ಮೆಣಸಿನ ಘಾಟು. ಒಂದು ಸೀನು ಬಿಟ್ಟೇ ಒಳಗೆ ಹೋದೆ. ಯಂತ್ರದ ಹತ್ತಿರ ಕೂಲಿಯ ಹೆಂಗಸೊಬ್ಬಳಿದ್ದಳು. ಅಕ್ಕ ಎದುರಿನ ಬೆಂಚಿನಲ್ಲಿ, ನಡುಗುವ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದರು.

ಒಬ್ಬರು ಅಕ್ಕಿಯ ಡಬ್ಬ ಕೊಟ್ಟು ಶ್ಯಾವಿಗೆಗೆ ನಯವಾಗಿ ಬೇಕು ಎಂದರು. ಇನ್ನೊಬ್ಬರು ಕೊತ್ತಂಬರಿ ಕೊಟ್ಟರು. ಮೂರನೆಯವರು ಬರುವಷ್ಟರಲ್ಲಿ ಅಕ್ಕನಿಗೆ ಎಳೆ ತಪ್ಪಿತು. ನಯ ಬೇಕೆಂದವರ ಅಕ್ಕಿಯನ್ನು ತರಿ ಮಾಡಲು ಹೇಳಿಬಿಟ್ಟರು. ಆಮೇಲೆ ತಾವೇ, “ನಿಲ್ಸು, ನಿಲ್ಸು, ಪುನಃ ಕೇಳು” ಎಂದರು. ಕೂಲಿಯವಳು ಹೊರಗೆ ಹೋಗಿ ಕೇಳಿಕೊಂಡು ಬಂದಳು.

“ತಪ್ಪುತ್ತದೆ ನೋಡಿ” ಎಂದರು ನನಗೆ. “ಒಂದೇ ಸಲಕ್ಕೆ ಎರಡು ಜನ ಮಾತಾಡಿದ್ರೆ ನನಗೆ ಆಗುದಿಲ್ಲ ಈಗ. ಅದು ಸುಳ್ಳಲ್ಲ. ಆದ್ರೆ ಅನುಮಾನ ಬಂದ್ರೆ ಕೇಳ್ತೇನೆ. ಯಂತ್ರಕ್ಕೆ ನಾನು ಕೈ ಹಾಕುದಿಲ್ಲ. ಅದೂ ನಾನೇ ಮಾಡಿಕೊಂಡ ಏರ್ಪಾಡು, ತಮ್ಮ ಹೇಳಿದ್ದಲ್ಲ.”

ನನಗೆ ಬೇಕಾದ್ದು ಅಲ್ಲಿ ಸಿಕ್ಕಿತು. ಕೊರತೆ ಇತ್ತು. ಕೊರತೆ ಇದೆ ಎಂದು ತಿಳಿದು, ಅದಕ್ಕೆ ತಕ್ಕ ಹಾಗೆ ನಡೆಯುವ ವಿವೇಕವೂ ಇತ್ತು.

ಹಳೆಯ ಮಾತ್ರೆ ಪೂರ್ತಿ ಬಿಟ್ಟ ಮೇಲೆ ಅವರನ್ನು ಮೂರನೆಯ ಸಲ ಪರೀಕ್ಷೆಗೆ ಕೂರಿಸಿದೆ. ಅದೇ ಹಾಳೆ ಕೊಟ್ಟರೆ ಉತ್ತರ ಬಾಯಿಪಾಠವಾಗಿರಬಹುದು. ತುಳುವಿನಲ್ಲಿ ಸಿದ್ಧಪಡಿಸಿದ ಹಾಳೆ ನನ್ನ ಕೈಗೆ ಸಿಗಲಿಲ್ಲ. ನಾನೇ ಪದ ಆರಿಸಿದೆ, ವಾಕ್ಯ ಕಟ್ಟಿದೆ. ಅಕ್ಕ ಬಹಳಷ್ಟಕ್ಕೆ ಉತ್ತರಿಸಿದರು. ತಿಂಗಳು, ವಾರ ಸರಿ. ಪದಗಳಲ್ಲಿ ಹೆಚ್ಚಿನವು ನೆನಪಿದ್ದವು. ಗಡಿಯಾರದ ಮುಳ್ಳು ಈಗಲೂ ಎಡವಿತು.

ಕೂಡಿಸಿದರೆ ಕೇಂದ್ರ ಒಪ್ಪುವಷ್ಟು ಅಂಕ ಆಗುತ್ತಿತ್ತು. ಬರೆಯಲು ಪೆನ್ನು ಎತ್ತಿದವಳು ಕೆಳಗಿಟ್ಟೆ. ನಾನೇ ಕಟ್ಟಿದ ಪ್ರಶ್ನೆಗಳಿಗೆ ಆರೋಗ್ಯವಂತರು ಎಷ್ಟು ಗಳಿಸುತ್ತಾರೆಂದು ಯಾರಿಗೂ ಗೊತ್ತಿಲ್ಲ. ಅಳತೆಗೋಲನ್ನು ನಾನೇ ಕೊಯ್ದು, ನಾನೇ ಅಳೆದು, ಇಷ್ಟು ಉದ್ದ ಎಂದ ಹಾಗೆ. ಅಂಕದ ಜಾಗದಲ್ಲಿ ‘ಕೊಡಲಾಗದು’ ಎಂದು ಬರೆದೆ. ಕೆಳಗೆ, ಮೊದಲ ಎರಡು ಅಂಕಗಳನ್ನು ಏಕೆ ನಂಬಬಾರದು, ಮಿಲ್ಲಿನಲ್ಲಿ ಏನು ಕಂಡೆ, ಎಲ್ಲಿ ಕೊರತೆ ಇದೆ, ಯಾವುದು ಗಟ್ಟಿ ಇದೆ ಎಂದು ವಿವರಿಸಿ, ಅವರ ಭಾಷೆಯಲ್ಲಿ ಪೂರ್ಣ ಪರೀಕ್ಷೆ ಆಗಬೇಕು ಎಂದು ಸಹಿ ಹಾಕಿದೆ.

ವರದಿ ತಲುಪಿದ ಮೇಲೆ ಕೇಂದ್ರದಿಂದ ಫೋನು ಬಂತು. ರೋಗಿಗಳ ವ್ಯವಸ್ಥೆ ನೋಡುವ ಸಿಬ್ಬಂದಿ. “ಮೇಡಂ, ಅಂಕ ಹಾಕದಿದ್ದರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ.”

“ಹಾಗಾದರೆ ಮನುಷ್ಯರಿಗೆ ಕೊಡಿ. ಅವರು ಓದಲಿ.”

“ಇಲ್ಲಿ ಹಾಗೆ ಕ್ರಮ ಇಲ್ಲ.”

“ಇನ್ನು ಮೇಲೆ ಇರಲಿ” ಎಂದೆ. ಅವರು ಫೋನು ಇಟ್ಟರು.

ಆ ಸಂಜೆ ಡಾಕ್ಟರರು ನನ್ನ ಕೋಣೆಗೆ ಬಂದರು. ಹಾಗೆ ಅವರು ಬಂದದ್ದು ಅದೇ ಮೊದಲು. ಬಾಗಿಲು ಮುಚ್ಚಿ ಮೆಲ್ಲಗೆ, “ಇಪ್ಪತ್ತಾರು ಎಂದು ಬರೆದುಬಿಡಿ, ಅಷ್ಟಿದ್ದರೆ ಕೇಂದ್ರ ಒಪ್ಪುತ್ತದೆ. ಅವರು ಅರ್ಹರು ಎಂದು ನಿಮಗೂ ಗೊತ್ತು, ಈಗ ನನಗೂ ಗೊತ್ತು. ಬರೀ ಒಂದು ಅಂಕೆಗಾಗಿ ಅವರ ಅವಕಾಶ ಹಾಳು ಮಾಡಬೇಡಿ” ಎಂದರು.

ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬರೆದರೆ ಎಲ್ಲರ ಕೆಲಸ ಸುಲಭ. ಅಕ್ಕ ರೈಲು ಹತ್ತುತ್ತಾರೆ, ತಮ್ಮ ಕೈಮುಗಿಯುತ್ತಾನೆ, ಕಂಪ್ಯೂಟರಿಗೂ ಸಮಾಧಾನ.

“ಹನ್ನೊಂದು ಸುಳ್ಳು ಎಂದು ಇಷ್ಟು ದಿನ ಜಗಳ ಮಾಡಿದ್ದೇನೆ ಸಾರ್. ಇಪ್ಪತ್ತಾರೂ ಸುಳ್ಳೇ. ನಮಗೆ ಬೇಕಾದ ಸುಳ್ಳು, ಅಷ್ಟೆ. ನಾಳೆ ಅವರ ಮಿದುಳಿಗೆ ತಂತಿ ಇಳಿಸುವವರು ಅದನ್ನು ನಂಬುತ್ತಾರೆ.”

“ಮತ್ತೇನು ಮಾಡುತ್ತೀರಿ?”

“ನೀವು ಅಲ್ಲಿನ ಸರ್ಜನರಿಗೆ ಫೋನು ಮಾಡಿ. ತುಳು ಗೊತ್ತಿರುವವರು ಬೇಕಾದರೆ ನಾನು ರಜೆ ಹಾಕಿ ಹೋಗುತ್ತೇನೆ.”

ಅವರು ಅಲ್ಲಿಯೇ ನಿಂತು ಫೋನು ಮಾಡಿದರು. ಏರುದನಿಯಲ್ಲೇ ಮಾತಾಡಿದರು.

ಹೀಗೆ ಅಕ್ಕ, ತಮ್ಮ, ನಾನು ರೈಲಿನಲ್ಲಿ ದಕ್ಷಿಣಕ್ಕೆ ಹೋದೆವು. ಕೇಂದ್ರದ ಮನಶ್ಶಾಸ್ತ್ರಜ್ಞೆ ನನಗಿಂತ ಹಿರಿಯರು, ಬಿಗಿಯಾದ ಹೆಂಗಸು. ನನ್ನ ವರದಿಯನ್ನು ಪೂರ್ತಿ ಓದಿಕೊಂಡೇ ಬಂದಿದ್ದರು. “ನೀವು ಇವರ ಪರ ಎಂದು ಓದಿದರೆ ಗೊತ್ತಾಗುತ್ತದೆ. ಆದ್ದರಿಂದ ಹಿಂದೆ ಕೂರಿ. ನಿಮ್ಮ ಮುಖ ಅವರಿಗೆ ಕಾಣಬಾರದು. ನಾನು ಹೇಳಿದ್ದಷ್ಟೇ ತುಳುವಿನಲ್ಲಿ ಹೇಳಿ, ಅವರು ಹೇಳಿದ್ದಷ್ಟೇ ನನಗೆ ಹೇಳಿ” ಎಂದರು.

ಅಕ್ಕನ ಬೆನ್ನ ಹಿಂದೆ ಕೂತೆ. ಬೆಳಿಗ್ಗೆಯೆಲ್ಲ ಪರೀಕ್ಷೆ ನಡೆಯಿತು. ಮಾತ್ರೆಯ ಬಲ ಇಳಿದಾಗ ನಿಲ್ಲಿಸುವರು, ಏರಿದ ಮೇಲೆ ಮುಂದುವರಿಸುವರು. ಕಥೆಯೊಂದನ್ನು ಓದಿ ಪುನಃ ಹೇಳಿಸಿದರು. ಚಿತ್ರಗಳನ್ನು ಕ್ರಮದಲ್ಲಿ ಇಡಿಸಿದರು. ಒಂದು ಕಡೆ ಅಕ್ಕ ಉತ್ತರದ ಹತ್ತಿರ ಬಂದು ತಡವರಿಸಿದರು. ನನಗೆ ಗೊತ್ತಿತ್ತು, ‘ಇನ್ನು ಸ್ವಲ್ಪ ಅಕ್ಕ’ ಎಂದರೆ ಸಾಕಿತ್ತು. ನಾಲಿಗೆ ಕಚ್ಚಿಕೊಂಡೆ. ಅವರು ತಪ್ಪು ಹೇಳಿದರು. ತಪ್ಪನ್ನೇ ಅನುವಾದಿಸಿದೆ.

ಮರುದಿನ ಆ ಹಿರಿಯರು ಫಲಿತಾಂಶ ಹೇಳಿದರು. ಯೋಜನೆಯಲ್ಲಿ, ಎರಡು ಕಡೆ ಗಮನ ಇಡುವುದರಲ್ಲಿ ಸಣ್ಣ ಮಟ್ಟದ ಕೊರತೆ ಇದೆ. ಡಿಮೆನ್ಶಿಯಾ, ಎಂದರೆ ಬುದ್ಧಿಯೇ ಕುಸಿಯುವ ಕಾಯಿಲೆ, ಅಲ್ಲ. ಶಸ್ತ್ರಚಿಕಿತ್ಸೆಗೆ ಇದರಿಂದ ಅಡ್ಡಿಯಿಲ್ಲ. ತಮ್ಮ ಅಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಆಮೇಲೆ ಸರ್ಜನರ ಕೋಣೆ. ಅವರು ತಾಳ್ಮೆಯಿಂದ ವಿವರಿಸಿದರು: ತಂತಿ ಎಲ್ಲಿ ಹೋಗುತ್ತದೆ, ಎದೆಯ ಚರ್ಮದಡಿ ಬ್ಯಾಟರಿ ಎಲ್ಲಿ ಕೂರುತ್ತದೆ, ನಡುಕ ಎಷ್ಟು ತಗ್ಗಬಹುದು, ಏನೇನು ಕೆಡಬಹುದು. ನಾನು ಸಾಲು ಸಾಲಾಗಿ ತುಳುವಿನಲ್ಲಿ ಹೇಳಿದೆ. ಅಕ್ಕ ಒಂದೇ ಪ್ರಶ್ನೆ ಕೇಳಿದರು: “ನನ್ನ ಸ್ವರ?”

“ಸ್ವರ ಇದರಿಂದ ಸರಿಯಾಗುತ್ತದೆ ಎಂದು ಹೇಳಲಾರೆ. ಕೆಲವರಿಗೆ ಮಾತು ಇನ್ನೂ ಅಸ್ಪಷ್ಟವಾಗುವುದುಂಟು” ಎಂದರು ಸರ್ಜನ್.

ಅಕ್ಕ ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡರು. ಈಗ ಆ ಕೋಣೆಯಲ್ಲಿ ಎಲ್ಲರೂ ಕಾದರು.

“ಹಾಗಾದ್ರೆ ಬೇಡ.”

“ಎಂತದು ಬೇಡ?” ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ. “ಇಷ್ಟು ದೂರ ಬಂದು, ಇಷ್ಟೆಲ್ಲ ಆಗಿ! ಇದು ನೀನು ಹೇಳುದಲ್ಲ, ರೋಗ ಹೇಳಿಸುದು.”

“ನಡುಕ ಹೋಗಿ ಮಾತೂ ಹೋದ್ರೆ ನನಗೆ ಎಂತ ಉಳೀತು?” ಅಕ್ಕನ ಸ್ವರ ತೀರ ಸಣ್ಣದಿತ್ತು, ಆದರೆ ಒಂದೊಂದು ಪದವೂ ಬಿಡಿಬಿಡಿಯಾಗಿ ಬಂತು. “ಈಗಲೇ ನನ್ನ ಬದಲು ನೀನು ಮಾತಾಡ್ತಿ. ಕೈ ಎಷ್ಟು ಬೇಕಾದ್ರೂ ನಡುಗ್ಲಿ. ಮಾತನ್ನು ನಾನು ಪಣಕ್ಕೆ ಇಡುದಿಲ್ಲ.”

ತಮ್ಮ ನನ್ನ ಕಡೆ ತಿರುಗಿದ. “ಮೇಡಂ, ನೀವು ಒಂದು ಮಾತು ಹೇಳಿ. ಇವಳಿಗೆ ತಿಳಿಯುದಿಲ್ಲ ಅಂತ ಹೇಳಿದ್ರೆ ಸಾಕು. ನಾನು ಸಹಿ ಹಾಕ್ತೇನೆ.”

ಸರ್ಜನರೂ ನನ್ನನ್ನೇ ನೋಡುತ್ತಿದ್ದರು.

ಆ ಗಳಿಗೆ ನನಗೂ ಅಕ್ಕನ ಮೇಲೆ ಸಿಟ್ಟಿತ್ತು. ಈ ಬಾಗಿಲು ತೆರೆಸಲು ನಾನು ಯಾರಾರೊಡನೆ ಗುದ್ದಾಡಿದೆ! ನಡುಕ ತಗ್ಗಿದರೆ ಅವರು ತಮ್ಮ ಲೋಟ ತಾವೇ ಹಿಡಿಯಬಹುದು. ಒಪ್ಪಿಕೊಳ್ಳಲಿ ಎಂದು ಮನಸ್ಸು ಕೂಗುತ್ತಿತ್ತು. ಆದರೆ ಅವರು ಅಪಾಯ ಕೇಳಿಸಿಕೊಂಡಿದ್ದರು, ಲಾಭ ಕೇಳಿಸಿಕೊಂಡಿದ್ದರು, ತಮಗೆ ಯಾವುದು ಹೆಚ್ಚೆಂದು ತೂಗಿ, ಕಾರಣ ಕೊಟ್ಟು ಬೇಡ ಎಂದಿದ್ದರು. ಅವರು ‘ಹೂಂ’ ಎಂದಿದ್ದರೆ ಅವರ ಬುದ್ಧಿಯನ್ನು ನಾವು ಯಾರೂ ಪ್ರಶ್ನಿಸುತ್ತಿರಲಿಲ್ಲ.

“ಈ ತೀರ್ಮಾನ ನನಗೆ ಇಷ್ಟವಾಗಲಿಲ್ಲ” ಎಂದೆ ಸರ್ಜನರಿಗೆ. “ಆದರೆ ಇದು ರೋಗದ ತೀರ್ಮಾನವಲ್ಲ. ಅವರದ್ದು. ಅವರ ಬದಲು ಸಹಿ ಹಾಕುವ ಹಕ್ಕು ಈ ಕೋಣೆಯಲ್ಲಿ ಯಾರಿಗೂ ಇಲ್ಲ.”

ಸರ್ಜನ್ ತಲೆಯಾಡಿಸಿ, ಮಾತ್ರೆಯ ಪ್ರಮಾಣ ಬದಲಿಸಿ ನೋಡೋಣ, ಮಾತಿಗೆ ತರಬೇತಿ ಶುರು ಮಾಡೋಣ, ಮುಂದೆ ಮನಸ್ಸು ಬದಲಾದರೆ ಬನ್ನಿ ಎಂದರು. ತಮ್ಮ ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಅಕ್ಕನ ಕೈ ಮೇಜಿನ ಅಂಚಿನಲ್ಲಿ ಟಕಟಕ ಎನ್ನುತ್ತಿತ್ತು. ಈ ಸಲ ಅವರು ಅದನ್ನು ಅದುಮಲಿಲ್ಲ. ನನ್ನ ಕಡೆ ತಿರುಗಿದರು.

“ಬೇಜಾರಾಯ್ತಾ ಮೇಡಂ?”

“ಆಯ್ತು ಅಕ್ಕ.”

“ಆಗ್ಲಿ” ಎಂದರು. ಕುರ್ಚಿಯ ಎರಡೂ ಕೈ ಹಿಡಿದು ತಾವೇ ಎದ್ದು ನಿಂತರು.